ತವರು ಮರೆತ ಹೆಜ್ಜೆ ಅಡುಗೆಮನೆಯಲ್ಲಿ ಉಳಿಯಿತು

ಸ್ಕಾಟ್ಲೆಂಡಿನ ನೃತ್ಯವೆಂದೊಡನೆ ಕಣ್ಣಮುಂದೆ ಬರುವುದು ಚೌಕುಳಿ ಕಿಲ್ಟ್ ಉಟ್ಟು, ಕೈ ಮೇಲೆತ್ತಿ ತುದಿಗಾಲಲ್ಲಿ ಜಿಗಿಯುವ ನರ್ತಕರ ಚಿತ್ರ. ಆದರೆ ಅಲ್ಲಿಂದ ವಲಸೆ ಹೋದವರು ಕೊಂಡೊಯ್ದರೆನ್ನಲಾದ ಬೇರೊಂದು ಬಗೆಯ ಕುಣಿತವುಂಟು. ಅದನ್ನು ನೋಡಬೇಕಾದರೆ ಅಟ್ಲಾಂಟಿಕ್ ಸಾಗರ ದಾಟಿ, ಕೆನಡಾದ ನೋವಾ ಸ್ಕೋಷಿಯಾ ಪ್ರಾಂತದ ಕೇಪ್ ಬ್ರೆಟನ್ ದ್ವೀಪಕ್ಕೆ ಹೋಗಬೇಕು.

18ನೆಯ ಶತಮಾನದ ಕೊನೆಯಿಂದ ಸುಮಾರು ಎಪ್ಪತ್ತು ವರ್ಷಗಳ ಕಾಲ ಸ್ಕಾಟ್ಲೆಂಡಿನ ಬೆಟ್ಟನಾಡಿನಿಂದಲೂ ಪಶ್ಚಿಮದ ದ್ವೀಪಗಳಿಂದಲೂ ಸಾವಿರಾರು ಜನ ಇಲ್ಲಿಗೆ ಬಂದರು. ಒಕ್ಕಲುಗಳಿಗಿಂತ ಕುರಿ ಸಾಕಣೆಯೇ ಲಾಭವೆಂದು ಜಮೀನುದಾರರು ಹಲವರನ್ನು ನೆಲದಿಂದ ಎಬ್ಬಿಸಿದ್ದರು. ಉಳಿದವರನ್ನು ಬಡತನ ಅಟ್ಟಿತು. ಬಂದವರ ಮಾತು ಗೇಲಿಕ್. ಚಳಿಗಾಲ ದೀರ್ಘ, ದಾರಿಗಳು ಹಿಮದಿಂದ ಮುಚ್ಚುತ್ತಿದ್ದವು. ಸಂಜೆ ಯಾರಾದರೊಬ್ಬರ ಮನೆಯಲ್ಲಿ ಸೇರುವುದೇ ಮನರಂಜನೆ. ಇದಕ್ಕೆ 'ಕೇಲಿ' ಎಂದು ಹೆಸರು; ಮೂಲದಲ್ಲಿ ಅದರ ಅರ್ಥ ಮನೆಭೇಟಿ ಎಂದಷ್ಟೆ.

ಕುಣಿತ ಬೆಳೆದದ್ದು ಅಂಥ ಮನೆಗಳ ಅಡುಗೆಕೋಣೆಗಳಲ್ಲಿ. ಇಕ್ಕಟ್ಟಾದ ಜಾಗದಲ್ಲಿ ಹಾರುವುದೆಂತು? ಪಾದಗಳು ನೆಲ ಬಿಟ್ಟು ಹೆಚ್ಚು ಮೇಲೇಳುವುದಿಲ್ಲ, ತೋಳುಗಳು ಸಡಿಲವಾಗಿ ಇಳಿಬಿದ್ದಿರುತ್ತವೆ, ಮೈ ನೆಟ್ಟಗಿರುತ್ತದೆ. ಹಿಮ್ಮಡಿ, ಬೆರಳುಗಳ ಬಡಿತ ಮರದ ಹಲಗೆಯ ಮೇಲೆ ಪಿಟೀಲಿನ ಲಯವನ್ನೇ ನುಡಿಸುತ್ತದೆ. ಮೊದಲು ನಿಧಾನದ ಸ್ಟ್ರಾತ್‌ಸ್ಪೇ, ಬಳಿಕ ವೇಗದ ರೀಲ್. ಕಣ್ಣು ಮುಚ್ಚಿದರೂ ಒಳ್ಳೆಯ ನರ್ತಕ ಕಿವಿಗೆ ಸಿಗುತ್ತಾನೆ. ಕಲಿಸಿದ್ದು ಬಹುಮಟ್ಟಿಗೆ ಮನೆಯವರು, ನೆರೆಯವರು. ಹಾಗೆಂದು ಇದು ಕದಲದೆ ನಿಂತ ಕಲೆಯಲ್ಲ. ಫ್ರೆಂಚ್ ಮೂಲದ ಕ್ವಾಡ್ರಿಲ್ ಎಂಬ ಚೌಕದ ಕುಣಿತವನ್ನು ಈ ಜನ ಒಳಗೆ ಕರೆದುಕೊಂಡು, ಅದಕ್ಕೂ ತಮ್ಮ ಹೆಜ್ಜೆ ಸೇರಿಸಿದರು.

1938ರಲ್ಲಿ ದ್ವೀಪದ ಸೇಂಟ್ ಆನ್ಸ್ ಎಂಬಲ್ಲಿ ಗೇಲಿಕ್ ಕಾಲೇಜು ಆರಂಭವಾಯಿತು. ಕಿಲ್ಟು, ಬ್ಯಾಗ್‌ಪೈಪುಗಳ ವೈಭವ ಪ್ರವಾಸಿಗರನ್ನು ಸೆಳೆದದ್ದು ನಿಜ. ಆದರೆ ಅದು ರಂಗದ ಮೇಲಿನ ಸ್ಕಾಟ್ಲೆಂಡ್. ಅಡುಗೆಮನೆಯ ಹೆಜ್ಜೆಯನ್ನು ಉಳಿಸಿದ್ದು ಆ ವೈಭವವಲ್ಲ, ಪಿಟೀಲುಗಾರರೇ ಎಂಬುದು ನನ್ನ ಅನಿಸಿಕೆ.

ಪಿಟೀಲು ನಿಂತರೆ ಪಾದವೂ ನಿಲ್ಲುತ್ತದಲ್ಲ! 1970ರ ದಶಕದ ಆರಂಭದಲ್ಲಿ ಕೆನಡಾದ ಸಿಬಿಸಿ ಬಿತ್ತರಿಸಿದ ಸಾಕ್ಷ್ಯಚಿತ್ರವೊಂದು, ಕೇಪ್ ಬ್ರೆಟನ್ನಿನ ಪಿಟೀಲುಗಾರ ಕಣ್ಮರೆಯಾಗುತ್ತಿದ್ದಾನೆ ಎಂದಿತು. ಮಾತು ನಾಟಿತು. ಕೆಲವರಿಗೆ ಸಿಟ್ಟೂ ಬಂತು. 1973ರಲ್ಲಿ ಗ್ಲೆನ್‌ಡೇಲ್ ಎಂಬ ಪುಟ್ಟ ಊರಿನ ಉತ್ಸವದಲ್ಲಿ ನೂರಕ್ಕೂ ಹೆಚ್ಚು ಪಿಟೀಲುಗಾರರು ಒಟ್ಟಿಗೆ ಕುಳಿತು ನುಡಿಸಿದರು. ಮಕ್ಕಳಿಗೆ ಪಾಠಗಳೂ ಹೆಚ್ಚಿದವು. ಈ ಪರಂಪರೆಯ ದೊಡ್ಡ ಹೆಸರು ಬಡ್ಡಿ ಮ್ಯಾಕ್‌ಮಾಸ್ಟರ್. 2014ರಲ್ಲಿ ತೀರಿಕೊಂಡ ಅವರು ರೈಲ್ವೆ ನೌಕರಿ ಮಾಡುತ್ತಲೇ ಊರೂರಿನ ಕುಣಿತಗಳಿಗೆ ನುಡಿಸಿದವರು.

ಮುಂದೆ ಸೊಸೆ ತವರಿಗೆ ಮರಳಿದಂತಾಯಿತು. 1996ರಲ್ಲಿ ಸ್ಕಾಟ್ಲೆಂಡಿನ ಸೌತ್ ಯುಯಿಸ್ಟ್ ದ್ವೀಪದಲ್ಲಿ ಆರಂಭವಾದ ಕೇಯೋಲಸ್ ಬೇಸಿಗೆ ಶಾಲೆಯಲ್ಲಿ ಕೇಪ್ ಬ್ರೆಟನ್ನಿನವರೇ ಈ ಹೆಜ್ಜೆ ಕಲಿಸಿದರು. ಇದು ನಿಜಕ್ಕೂ ನಮ್ಮದೇ, ಅಥವಾ ಅಲ್ಲೇ ಹುಟ್ಟಿದ್ದೇ ಎಂದು ಕೇಳಿದವರೂ ಇದ್ದರು. ಆ ಚರ್ಚೆ ಪೂರ್ಣವಾಗಿ ಮುಗಿದಿಲ್ಲ.

ಕುಣಿತ ಉಳಿದಷ್ಟು ಭಾಷೆ ಉಳಿಯಲಿಲ್ಲ. ಶಾಲೆ ಇಂಗ್ಲಿಷಿನದು, ನೌಕರಿ ಇಂಗ್ಲಿಷಿನದು; ತಂದೆತಾಯಿಗಳು ಮಕ್ಕಳೊಡನೆ ಗೇಲಿಕ್ ಆಡುವುದನ್ನೇ ಬಿಟ್ಟರು. 2006ರಲ್ಲಿ ಪ್ರಾಂತ ಸರ್ಕಾರ ಗೇಲಿಕ್‌ಗೆಂದು ಪ್ರತ್ಯೇಕ ಕಚೇರಿ ತೆರೆಯಿತು. ಒಳ್ಳೆಯ ಪಿಟೀಲಿನಲ್ಲಿ ಹಾಡಿನ ಗೇಲಿಕ್ ಮಾತು ಕೇಳಿಸಬೇಕು ಎನ್ನುತ್ತಿದ್ದರು ಹಿಂದಿನವರು. ಇಂದು ಹೆಜ್ಜೆ ಹಾಕುವ ಹೆಚ್ಚಿನವರಿಗೆ ಮಟ್ಟು ಗೊತ್ತು, ಅದರ ಮಾತು ಗೊತ್ತಿಲ್ಲ.