ಥೈರಾಯ್ಡ್ ಗ್ರಂಥಿಯ ಸ್ವಪ್ರತಿರಕ್ಷಾ ರೋಗಗಳೂ ನೂತನ ಚಿಕಿತ್ಸೆಗಳೂ

ಕೊರಳಿನ ಮುಂಭಾಗದ ಊತವನ್ನು ನಮ್ಮ ವೈದ್ಯಗ್ರಂಥಗಳು ಗಲಗಂಡವೆಂದು ಕರೆದಿವೆ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಅದರ ನಿರೂಪಣೆಯುಂಟು. ಆದರೆ ಈ ಒಂದೇ ಹೆಸರಿನಡಿಯಲ್ಲಿ ಪರಸ್ಪರ ವಿರುದ್ಧಸ್ವಭಾವದ ರೋಗಗಳು ಅಡಗಿವೆ. ಐರ್ಲೆಂಡಿನ ರಾಬರ್ಟ್ ಗ್ರೇವ್ಸನು 1835ರಲ್ಲಿ ವರ್ಣಿಸಿದ ರೋಗದಲ್ಲಿ ಥೈರಾಯ್ಡೆಂಬ ನಿರ್ನಾಳಗ್ರಂಥಿಯು ಮಿತಿಮೀರಿ ಸ್ರವಿಸುವುದು; ಜಪಾನಿನ ಹಕಾರು ಹಶಿಮೊಟೊ 1912ರಲ್ಲಿ ವರ್ಣಿಸಿದುದರಲ್ಲಿ ಗ್ರಂಥಿಯು ಕ್ರಮೇಣ ನಶಿಸಿ ಸ್ರಾವವು ಕುಗ್ಗುವುದು. ಶರೀರದ ರಕ್ಷಣಾವ್ಯವಸ್ಥೆಯು ತನ್ನದೇ ಅಂಗವನ್ನು ಪರಕೀಯವೆಂದು ಬಗೆಯುವುದೇ ಎರಡಕ್ಕೂ ಮೂಲವೆಂಬುದು, 1956ರಲ್ಲಿ ರಾಯ್ಟ್, ಡೋನಿಯಾಕ್ ಮೊದಲಾದವರು ಹಶಿಮೊಟೊ ರೋಗಿಗಳ ರಕ್ತದಲ್ಲಿ ಪ್ರತಿಕಾಯಗಳನ್ನು ಕಂಡಂದಿನಿಂದ ತಿಳಿಯತೊಡಗಿತು.

ಗ್ರೇವ್ಸ್ ರೋಗದಲ್ಲಿ ನಡೆಯುವ ವಂಚನೆಯು ವಿಚಿತ್ರವಾದುದು. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಆಜ್ಞೆಯನ್ನು ಸ್ವೀಕರಿಸಲು ಥೈರಾಯ್ಡಿನ ಜೀವಕೋಶಗಳ ಮೇಲೆ ಗ್ರಾಹಕಗಳಿರುತ್ತವೆ. ಪ್ರತಿಕಾಯವು ಅವುಗಳನ್ನು ಹಾಳುಗೆಡವದೆ, ಅವುಗಳಿಗೆ ಅಂಟಿಕೊಂಡು ಸುಳ್ಳಾಜ್ಞೆಯನ್ನು ಹೊರಡಿಸುತ್ತಲೇ ಇರುವುದು. ಕೆಂಪುನಾರಾಯಣನ ಮುದ್ರಾಮಂಜೂಷವನ್ನು ಓದಿದವರಿಗೆ, ಅಮಾತ್ಯರಾಕ್ಷಸನ ಉಂಗುರವು ಚಾಣಕ್ಯನ ಕೈಸೇರಿದ ಮೇಲೆ ನಡೆದುದೆಲ್ಲ ನೆನಪಿಗೆ ಬರಬಹುದು.

1943ರಲ್ಲಿ ಆಸ್ಟ್‌ವುಡ್ಡನು ಬಳಕೆಗೆ ತಂದ ಥಯೋಯೂರಿಯಾ ಮೊದಲಾದ ಔಷಧಗಳು ಗ್ರಂಥಿಯ ಕೈಯನ್ನು ಕಟ್ಟುವುವೇ ಹೊರತು ಸುಳ್ಳಾಜ್ಞೆಯನ್ನು ತಡೆಯಲಾರವು. ಮೈಸೂರಿನ ಮೇಟಗಳ್ಳಿಯಂತಹ ಕಾರ್ಖಾನೆಗಳ ನೆರೆಯ ಬಡಾವಣೆಯಲ್ಲಿ ಗೃಹಿಣಿಯೊಬ್ಬಳಿಗೆ ಈ ವ್ಯಾಧಿ ತಗಲಿದರೆ ಇಂದಿಗೂ ಸಾಮಾನ್ಯವಾಗಿ ಮೊದಲು ದೊರೆಯುವುದು ಆ ವರ್ಗದ ಕಾರ್ಬಿಮಜೋಲೇ. ವರ್ಷ ಒಂದೂವರೆ ವರ್ಷ ಸೇವಿಸಿ ನಿಲ್ಲಿಸಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರೋಗವು ಮರುಕಳಿಸುವುದು. ಅನಂತರ ವಿಕಿರಣಶೀಲ ಅಯೋಡಿನ್ನಿನಿಂದಲೋ ಶಸ್ತ್ರದಿಂದಲೋ ಗ್ರಂಥಿಯನ್ನೇ ನೀಗಿಸಿ, ಬದುಕಿರುವವರೆಗೆ ಥೈರಾಕ್ಸಿನ್ ನುಂಗಿಸುವುದು ರೂಢಿ. ವಂಚಕನನ್ನು ಬಿಟ್ಟು ವಂಚಿತನನ್ನು ದಂಡಿಸುವ ನ್ಯಾಯವಿದು.

ನೂತನ ಚಿಕಿತ್ಸೆಗಳು ವಂಚಕನನ್ನೇ ಅರಸಿ ಹೊರಟಿವೆ. ಕೆ1-70 ಎಂಬ ಕೃತಕ ಪ್ರತಿಕಾಯವು ಗ್ರಾಹಕವನ್ನು ಮೊದಲೇ ಆಕ್ರಮಿಸಿಕೊಳ್ಳುವುದು. ಇಸ್ಕಾಲಿಮ್ಯಾಬ್ ಎಂಬುದು ಪ್ರತಿಕಾಯಗಳ ಉತ್ಪತ್ತಿಗೆ ಬೇಕಾದ ಸಂಜ್ಞೆಯನ್ನು ತಡೆಯುವುದು. 2020ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 15 ರೋಗಿಗಳ ಪೈಕಿ 7 ಮಂದಿಯ ಸ್ರಾವವು ಸಹಜಸ್ಥಿತಿಗೆ ಬಂದಿತು. ಬಟೋಕ್ಲಿಮ್ಯಾಬ್ ರಕ್ತದಲ್ಲಿನ ಪ್ರತಿಕಾಯಗಳ ಆಯುಸ್ಸನ್ನೇ ಕುಗ್ಗಿಸುವುದು. ಆದರೆ ಅದಕ್ಕೆ ದುಷ್ಟಶಿಷ್ಟವಿವೇಚನೆಯಿಲ್ಲ, ಸೋಂಕನ್ನು ತಡೆಯುವ ಪ್ರತಿಕಾಯಗಳೂ ಅದರಿಂದ ತಗ್ಗುವುವು. ಇವಾವುವೂ ಗ್ರೇವ್ಸ್ ರೋಗದ ವಿಷಯದಲ್ಲಿ ಪರೀಕ್ಷೆಯ ಹಂತವನ್ನು ದಾಟಿಲ್ಲ. ಇದೇ ರೋಗದೊಡನೆ ಬರುವ ಕಣ್ಣುಗುಡ್ಡೆಗಳ ಉಬ್ಬರಕ್ಕೆ ಮಾತ್ರ ಟೆಪ್ರೊಟುಮುಮ್ಯಾಬ್ 2020ರ ಜನವರಿಯಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅದರ ಬೆಲೆಯು ಅಪಾರ, ಕೆಲವರ ಶ್ರವಣಶಕ್ತಿಗೂ ಅದರಿಂದ ಹಾನಿಯುಂಟು.

ಹಶಿಮೊಟೊ ರೋಗದಲ್ಲಾದರೋ ಲೆಕ್ಕಾಚಾರವೇ ಬೇರೆ. ಅಲ್ಲಿ ಕೊರತೆಯಾದ ಸ್ರಾವವನ್ನು ಅಗ್ಗದ ಥೈರಾಕ್ಸಿನ್ ಗುಳಿಗೆಯೇ ತುಂಬಿಕೊಡುವುದರಿಂದ, ರಕ್ಷಣಾವ್ಯವಸ್ಥೆಯನ್ನು ಕದಲಿಸುವ ಸಾಹಸಕ್ಕೆ ವೈದ್ಯರು ಸುಲಭವಾಗಿ ಕೈಹಾಕುವುದಿಲ್ಲ.