ಜೋಡಿ ಸುರುಳಿಗೆ ಬೆಂಗಳೂರಿನ ತಕರಾರು

1953ರ ಏಪ್ರಿಲ್ 25ರ ‘ನೇಚರ್’ ಸಂಚಿಕೆಯಲ್ಲಿ ವಾಟ್ಸನ್ ಮತ್ತು ಕ್ರಿಕ್ ಬರೆದ ಪುಟ್ಟ ಲೇಖನದೊಂದಿಗೆ ಡಿಎನ್‌ಎ ರಚನೆಯ ಕಥೆ ಮುಗಿಯಿತೆಂದು ನಂಬಿದವರೇ ಹೆಚ್ಚು. ಅಂದು ಸಿಕ್ಕಿದ್ದು ಬಲು ಚೆಂದದ ಒಂದು ಊಹೆ. ರುಜುವಾತಿಗೆ ಇನ್ನೂ ಕಾಲು ಶತಮಾನ ಹಿಡಿಯಿತು. ರೋಸಲಿಂಡ್ ಫ್ರಾಂಕ್ಲಿನ್ ಮಾರ್ಗದರ್ಶನದಲ್ಲಿ ರೇಮಂಡ್ ಗೋಸ್ಲಿಂಗ್ 1952ರಲ್ಲಿ ತೆಗೆದ ಕ್ಷ-ಕಿರಣ ಚಿತ್ರದಲ್ಲಿ ಕತ್ತರಿ ಗುರುತಿನಂತೆ ಕಪ್ಪು ಕಲೆಗಳು ಮೂಡಿವೆ. ಅವುಗಳ ಅಂತರದಿಂದ 34 ಆಂಗ್‌ಸ್ಟ್ರಾಂಗೆ ಒಂದು ಸುತ್ತು, 3.4 ಆಂಗ್‌ಸ್ಟ್ರಾಂಗೆ ಒಂದು ಪ್ರತ್ಯಾಮ್ಲ ಜೋಡಿ ಎಂಬ ಲೆಕ್ಕ ಸಿಗುತ್ತದೆ. ಆದರೆ ಅದು ಒಂದೇ ಅಣುವಿನ ಚಿತ್ರವಲ್ಲ, ತೇವದ ನಾರಿನೊಳಗೆ ಒತ್ತೊತ್ತಾಗಿ ಮಲಗಿದ ಅಸಂಖ್ಯ ಅಣುಗಳ ಸರಾಸರಿ. ಸುರುಳಿ ಬಲಕ್ಕೆ ತಿರುಗಿದೆಯೋ ಎಡಕ್ಕೋ ಎಂಬುದನ್ನು ಅದು ನೇರವಾಗಿ ಹೇಳದು. ಬಲಕ್ಕೆ ಎಂದದ್ದು ಮಾದರಿ ಕಟ್ಟಿದವರ ತೀರ್ಮಾನ.

ಈ ಸಂದಿಗೇ ಬೆಂಗಳೂರು ಕೈ ಹಾಕಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ.ಎನ್. ರಾಮಚಂದ್ರನ್ ಕಟ್ಟಿದ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕದ ವಿ. ಸಸಿಶೇಖರನ್ ಮತ್ತು ಸಂಗಡಿಗರು, 1970ರ ದಶಕದ ನಡುವೆ ಬೇರೊಂದು ಮಾದರಿ ಮುಂದಿಟ್ಟರು. ಡಿಎನ್‌ಎಯ ಎರಡು ಎಳೆಗಳು ಸ್ವಲ್ಪ ದೂರ ಬಲಕ್ಕೆ, ಮತ್ತೆ ಸ್ವಲ್ಪ ದೂರ ಎಡಕ್ಕೆ ತಿರುಗುತ್ತ ಪಕ್ಕಪಕ್ಕದಲ್ಲೇ ಸಾಗಬಹುದು, ಪೂರ್ತಿ ಹೆಣೆದುಕೊಳ್ಳಬೇಕಿಲ್ಲ ಎಂಬುದು ಅದರ ತಿರುಳು. ನ್ಯೂಜಿಲೆಂಡಿನ ತಂಡವೊಂದು 1976ರಲ್ಲಿ ಸ್ವತಂತ್ರವಾಗಿ ಇಂಥದೇ ಮಾತು ಹೇಳಿತು. ಇದು ಬರಿಯ ಮೊಂಡುವಾದವಾಗಿರಲಿಲ್ಲ. ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಸುಮಾರು 46 ಲಕ್ಷ ಪ್ರತ್ಯಾಮ್ಲ ಜೋಡಿಗಳಿವೆ, ಅಂದರೆ ನಾಲ್ಕು ಲಕ್ಷಕ್ಕೂ ಮೀರಿದ ಸುತ್ತುಗಳು. ಆ ಡಿಎನ್‌ಎಯ ನಕಲು ತಯಾರಾಗುವ ಸುಮಾರು 40 ನಿಮಿಷದಲ್ಲಿ ಈ ಹುರಿಯೆಲ್ಲ ಬಿಚ್ಚಬೇಕು. ಹೆಣಿಗೆಯೇ ಇಲ್ಲದಿದ್ದರೆ ಆ ತಾಪತ್ರಯವೂ ಇಲ್ಲ.

ಹುರಿ ಬಿಚ್ಚಿಕೊಡುವ ಕಿಣ್ವವನ್ನು ಜೇಮ್ಸ್ ವಾಂಗ್ 1971ರಲ್ಲೇ ಪ್ರಕಟಿಸಿದ್ದರಲ್ಲ, ಮತ್ತೇಕೆ ಈ ತಕರಾರು ಎಂದು ಕೇಳಬಹುದು. ಕಿಣ್ವ ಇದೆಯೆಂದರೆ ಹೆಣಿಗೆ ಬಿಚ್ಚಲು ದಾರಿಯಿದೆ ಎಂದಷ್ಟೇ ಗೊತ್ತಾಗುತ್ತದೆ. ನೀರಿನಲ್ಲಿ ತೇಲುವ ಡಿಎನ್‌ಎಯಲ್ಲಿ ಎಷ್ಟು ಹೆಣಿಗೆ ಇದೆ ಎಂಬ ಲೆಕ್ಕ ಅದರಿಂದ ಬಾರದು. ಆ ಲೆಕ್ಕ ಮಾಡಿದವರೂ ವಾಂಗ್ ಅವರೇ. ಉಂಗುರದಂಥ ಡಿಎನ್‌ಎಗೆ ಉದ್ದ ಗೊತ್ತಿರುವ ತುಣುಕು ಸೇರಿಸಿ ಜೆಲ್‌ನಲ್ಲಿ ಓಡಿಸಿದರೆ, ಒಂದೊಂದು ಸುತ್ತಿನ ವ್ಯತ್ಯಾಸವಿರುವ ಉಂಗುರಗಳು ಬೇರೆ ಬೇರೆ ಪಟ್ಟಿಗಳಾಗಿ ನಿಲ್ಲುತ್ತವೆ. ಸೇರಿಸಿದ ತುಣುಕು ಪೂರ್ಣ ಸುತ್ತುಗಳಷ್ಟಿದ್ದರೆ ಪಟ್ಟಿಗಳು ಹಳೆಯವಕ್ಕೆ ಹೊಂದುತ್ತವೆ, ಇಲ್ಲದಿದ್ದರೆ ನಡುವೆ ಸರಿಯುತ್ತವೆ. ಆ ಸರಿತವನ್ನು ಅಳೆದಾಗ ಬಂದದ್ದು ಸುತ್ತಿಗೆ ಸುಮಾರು 10.4 ಜೋಡಿ. ಪಕ್ಕಪಕ್ಕದ ಮಾದರಿ ನಿಜವಾಗಿದ್ದರೆ ಬಲ ಎಡ ಒಂದನ್ನೊಂದು ಹೊಡೆದುಹಾಕಿ ಒಟ್ಟು ಹೆಣಿಗೆ ಸೊನ್ನೆಯ ಹತ್ತಿರ ಇರಬೇಕಿತ್ತು. 1979ರಲ್ಲಿ ಕ್ರಿಕ್, ವಾಂಗ್, ಬಾಯರ್ ಸೇರಿ ಬರೆದ ಉತ್ತರದ ತಲೆಬರಹವೇ ಡಿಎನ್‌ಎ ನಿಜಕ್ಕೂ ಜೋಡಿ ಸುರುಳಿಯೇ ಎಂಬ ಪ್ರಶ್ನೆ! ಮರುವರ್ಷ ಡಿಕರ್ಸನ್ ತಂಡ 12 ಜೋಡಿಗಳ ಹರಳಿನಲ್ಲಿ ಬಲಕ್ಕೆ ತಿರುಗಿದ ಸುರುಳಿಯನ್ನು ಬಿಡಿಸಿ ತೋರಿಸಿತು.

1979ರಲ್ಲೇ ಅಲೆಕ್ಸಾಂಡರ್ ರಿಚ್ ತಂಡಕ್ಕೆ ಎಡಕ್ಕೆ ತಿರುಗಿದ ಝಡ್-ಡಿಎನ್‌ಎ ಸಿಕ್ಕಿತು. ಹಾಗಾದರೆ ಗೆದ್ದದ್ದು ಬೆಂಗಳೂರೇ ಎನ್ನುವವರಿದ್ದಾರೆ. ಅದು ಅತಿಶಯ. ಝಡ್ ರೂಪದಲ್ಲೂ ಎಳೆಗಳು ಒಂದನ್ನೊಂದು ಸುತ್ತಿಕೊಂಡೇ ಇವೆ, ಹೀಗಾಗಿ ಪಕ್ಕಪಕ್ಕದ ಮಾದರಿ ಬಿದ್ದೇ ಹೋಯಿತು. ಎಡತಿರುವು ಅಸಾಧ್ಯವಲ್ಲ ಎಂಬ ಬೆಂಗಳೂರು ತಂಡದ ಜ್ಯಾಮಿತಿಯ ವಾದ ಮಾತ್ರ ನಿಂತಿತು.