ಗುಮಾಸ್ತರ ಗೋಡೆಯ ಮೇಲೊಂದು ಚಿತ್ರಶಾಲೆ

ದೆಹಲಿಯ ಲೋಧಿ ಕಾಲೋನಿಯಲ್ಲಿ ಖನ್ನಾ ಮಾರ್ಕೆಟ್ ಮತ್ತು ಮೆಹರ್‌ಚಂದ್ ಮಾರ್ಕೆಟ್‌ಗಳ ನಡುವಿನ ಸರ್ಕಾರಿ ವಸತಿಗೃಹಗಳ ಹೊರಗೋಡೆಗಳ ಮೇಲೆ ದೇಶವಿದೇಶಗಳ ಕಲಾವಿದರು ಬರೆದ 50ಕ್ಕೂ ಹೆಚ್ಚು ಭಿತ್ತಿಚಿತ್ರಗಳಿದ್ದು, ಈ ಬೀದಿಗಳ ಸಮೂಹಕ್ಕೆ 'ಲೋಧಿ ಆರ್ಟ್ ಡಿಸ್ಟ್ರಿಕ್ಟ್' ಎಂಬ ಹೆಸರು ಬಂದಿದೆ. ದೇಶವಿಭಜನೆಯ ನಂತರ ಪುನರ್ವಸತಿ ಸಚಿವರಾಗಿದ್ದ ಮೆಹರ್ ಚಂದ್ ಖನ್ನಾ ಅವರ ಹೆಸರೇ ಎರಡು ತುಂಡಾಗಿ ಎರಡೂ ಮಾರುಕಟ್ಟೆಗಳಿಗೆ ಹಂಚಿಹೋಗಿದೆ.

ಈ ಚಿತ್ರಶಾಲೆಯ ಕೀರ್ತಿಯಲ್ಲಿ ದೊಡ್ಡ ಪಾಲು ಗೋಡೆಗಳಿಗೇ ಸಲ್ಲಬೇಕು. ಬ್ರಿಟಿಷರು ಹೊಸದಿಲ್ಲಿಯಲ್ಲಿ ಕೊನೆಗೆ ಕಟ್ಟಿಸಿದ ಬಡಾವಣೆಗಳಲ್ಲಿ ಒಂದಾದ ಲೋಧಿ ಕಾಲೋನಿ 1940ರ ದಶಕದಲ್ಲಿ ಸರ್ಕಾರಿ ಕಚೇರಿಗಳ ನೌಕರರಿಗಾಗಿ ರೂಪುಗೊಂಡಿತು. ಅದರ ವಾಸ್ತುಶಿಲ್ಪಿ ಹೆನ್ರಿ ಮೆಡ್ ಒಂದರ ಪಡಿಯಚ್ಚಿನಂತೆ ಇನ್ನೊಂದಿರುವ ಬ್ಲಾಕುಗಳನ್ನು ಅಗಲವಾದ, ಮರಗಳಿರುವ ರಸ್ತೆಗಳ ಇಕ್ಕೆಲಗಳಲ್ಲಿ ನಿಲ್ಲಿಸಿ, ಒಳಗಿನ ಅಂಗಳಕ್ಕೆ ಹೋಗಲು ಎತ್ತರದ ಕಮಾನುಗಳನ್ನು ಇಟ್ಟರು. ಕಮಾನಿನ ಎರಡು ಬದಿಗೂ ಕಿಟಕಿಗಳ ಕಾಟವಿಲ್ಲದ ವಿಶಾಲವಾದ ಗೋಡೆ ಉಳಿದುದರಿಂದ, ಗುಮಾಸ್ತರ ಮನೆಗಳ ಈ ಏಕರೂಪತೆಯೇ ಏಳು ದಶಕಗಳ ತರುವಾಯ ಚಿತ್ರಕಾರರಿಗೆ ವರವಾಯಿತು.

ಬೀದಿ ಕಲೆಯನ್ನು, ಅಂದರೆ ಟಿಕೆಟ್ಟಾಗಲಿ ಕಾವಲಾಗಲಿ ಇಲ್ಲದೆ ದಾರಿಹೋಕರಿಗೆ ಎದುರಾಗುವ ಚಿತ್ರಕಲೆಯನ್ನು, ಇಲ್ಲಿಗೆ ತಂದದ್ದು ಸ್ಟಾರ್ಟ್ ಇಂಡಿಯಾ ಫೌಂಡೇಶನ್ ಎಂಬ ಸಂಸ್ಥೆ. ಅದರ ಸಂಸ್ಥಾಪಕರಲ್ಲಿ ಒಬ್ಬರಾದ, 2024ರಲ್ಲಿ ನಿಧನರಾದ ಹನೀಫ್ ಕುರೇಶಿಯವರು ಅಂಗಡಿ ಬೋರ್ಡುಗಳನ್ನು ಕೈಯಿಂದ ಬರೆಯುವವರ ಅಕ್ಷರಶೈಲಿಗಳನ್ನು ಕಲೆಹಾಕಿ ಉಳಿಸುವ ಕೆಲಸಕ್ಕೆ ಹೆಸರಾದವರು. ಸರ್ಕಾರಿ ಕಟ್ಟಡಗಳ ಹೊಣೆ ಹೊತ್ತ ಕೇಂದ್ರ ಲೋಕೋಪಯೋಗಿ ಇಲಾಖೆಯ ಒಪ್ಪಿಗೆ ಮತ್ತು ಏಷ್ಯನ್ ಪೇಂಟ್ಸ್ ಕಂಪನಿಯ ನೆರವಿನೊಂದಿಗೆ 2016ರ ಹೊತ್ತಿಗೆ ಮೊದಲ ಕಂತಿನ ಗೋಡೆಗಳು ಸಿದ್ಧವಾದವು. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದಲ್ಲಿ ಕತ್ತೆತ್ತಿ ಚಿತ್ರ ನೋಡಿದವರಿಗೆ ಭಿತ್ತಿಚಿತ್ರ ಹೊಸದಲ್ಲ. ಆದರೆ ಅಲ್ಲಿ ಬಣ್ಣಕ್ಕೆ ಮಂಟಪದ ನೆರಳಿದೆ, ಇಲ್ಲಿ ಅದು ದೆಹಲಿಯ ಬಿಸಿಲಿಗೆ ಮೈಯೊಡ್ಡಿ ನಿಂತಿದೆ.

ಆ ಬಿಸಿಲನ್ನೇ ಕುಂಚ ಮಾಡಿಕೊಂಡ ಕೃತಿಯೊಂದು ಈ ಬೀದಿಗಳಲ್ಲಿದೆ. ಡಾಕು ಎಂಬ ಹೆಸರಿನ ಕಲಾವಿದರು ಅಕ್ಷರಗಳನ್ನು ಗೋಡೆಯ ಮೇಲೆ ಬರೆಯದೆ, ಗೋಡೆಯಿಂದ ಹೊರಚಾಚುವಂತೆ ಅಡ್ಡಲಾಗಿ ನೆಟ್ಟಿದ್ದಾರೆ. ಬಿಸಿಲು ಇಲ್ಲದಾಗ ಅಲ್ಲಿ ಕಾಣುವುದು ಮುಳ್ಳಿನಂಥ ಅಂಚುಗಳು ಮಾತ್ರ. ಸೂರ್ಯ ಮೇಲೇರಿದಂತೆ ಅಕ್ಷರಗಳ ನೆರಳು ಗೋಡೆಯ ಮೇಲೆ ಬಿದ್ದು ಪದಗಳು ಮೂಡುತ್ತವೆ, ಸ್ವಲ್ಪ ಹೊತ್ತಿನಲ್ಲಿ ವಾಲಿ, ಉದ್ದವಾಗಿ, ಅಳಿದುಹೋಗುತ್ತವೆ. ಕಾಲ ಎಲ್ಲವನ್ನೂ ಬದಲಿಸುತ್ತದೆ ಎಂಬುದು ಕೃತಿಯ ಶೀರ್ಷಿಕೆಯ ಅರ್ಥ. ಗಡಿಯಾರ ನೋಡಿಕೊಂಡು ಹೋಗಬೇಕಾದ ಚಿತ್ರ ಇದೊಂದೇ ಇರಬಹುದು.

ಕರ್ನಾಟಕದಿಂದ ಹೋದವರಿಗೆ ಪರಿಚಿತ ಹೆಸರುಗಳೂ ಸಿಗುತ್ತವೆ. ಬೆಂಗಳೂರಿನಲ್ಲಿ ಆರಂಭವಾಗಿ, ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರನ್ನು ಚಿತ್ರಕಾರರನ್ನಾಗಿ ಒಟ್ಟುಗೂಡಿಸಿದ ಅರವಾಣಿ ಆರ್ಟ್ ಪ್ರಾಜೆಕ್ಟ್‌ನ ಗೋಡೆ ಇಲ್ಲಿದೆ. ಬೆಂಗಳೂರಿನ ಅನ್ಪು ವರ್ಕಿಯವರ ಕೃತಿಯೂ ಇದೆ. ದೆಹಲಿಯ ಐಟಿಒ ಬಳಿಯ ಆಗಿನ ಪೊಲೀಸ್ ಕೇಂದ್ರ ಕಚೇರಿಯ ಕಟ್ಟಡದ ಮೇಲೆ 2014ರಲ್ಲಿ ಜರ್ಮನಿಯ ಹೆಂಡ್ರಿಕ್ ಬೈಕಿರ್ಶ್ ಅವರೊಡಗೂಡಿ ಗಾಂಧೀಜಿಯ ಬೃಹತ್ ಚಿತ್ರ ಬರೆದವರು ಇವರೇ.

ಇಂಥ ಜಾಗವನ್ನು ಒಬ್ಬರೇ ನೋಡುವುದಕ್ಕಿಂತ ನಾಲ್ಕಾರು ಜನ ಜೊತೆಯಾಗಿ ನೋಡುವುದು ಮೇಲು. ಫಲಕ ಓದಿ ಮುಂದೆ ಸಾಗುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದ ಕಾರಣ, ಒಬ್ಬರು ಕಂಡದ್ದನ್ನು ಇನ್ನೊಬ್ಬರಿಗೆ ಬೊಟ್ಟುಮಾಡಿ ತೋರಿಸುವುದೇ ವಿವರಣೆಯಾಗುತ್ತದೆ. ಕಾಲು ಸೋತ ಹಿರಿಯರಿಗೆ ಮರದ ನೆರಳೂ ಮಾರುಕಟ್ಟೆಯ ಚಹಾವೂ ಹತ್ತಿರದಲ್ಲಿವೆ. ನಿಲ್ಲಿಸಿದ ಕಾರುಗಳು ಚಿತ್ರಗಳ ಕೆಳಭಾಗವನ್ನು ನುಂಗಿರುತ್ತವೆ ಎಂಬ ಬೇಸರ ಇದ್ದದ್ದೇ, ಆದರೆ ಅವು ಅಲ್ಲಿ ವಾಸಿಸುವವರ ಕಾರುಗಳು, ಹಗ್ಗದ ಮೇಲೆ ಒಣಗುವುದು ಅವರ ಬಟ್ಟೆಗಳು. ಫೋಟೊಗಾಗಿ ಕಮಾನಿನೊಳಗೆ ನುಗ್ಗುವವರು ಇದನ್ನು ಮರೆಯುವುದುಂಟು.

ಬೆಳಿಗ್ಗೆ ಗೋಡೆಗಳನ್ನು ನೋಡಿದ ತಂಡ ಮಧ್ಯಾಹ್ನಕ್ಕೆ ದೆಹಲಿ ಕನ್ನಡ ಶಾಲೆಯಿರುವ ಲೋಧಿ ಎಸ್ಟೇಟ್ ಕಡೆಯಿಂದ ಇಂಡಿಯಾ ಗೇಟ್ ಬಳಿಯ ಜೈಪುರ ಹೌಸ್‌ಗೆ ಹೋಗಬಹುದು. 1954ರಲ್ಲಿ ಅಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವು ಅಮೃತಾ ಶೇರ್‌ಗಿಲ್ ಅವರ ಕೃತಿಗಳ ಸಂಗ್ರಹಕ್ಕೆ ಪ್ರಸಿದ್ಧ. ಬೆಂಗಳೂರಿನ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಲ್ಲಿ ತೆರೆದದ್ದು ಅದರದೇ ಶಾಖೆ. ಸಂಗ್ರಹಾಲಯದಲ್ಲಿ ಮಂದ ಬೆಳಕು, ಚೌಕಟ್ಟು, ಹದವಾದ ಗಾಳಿ ಎಲ್ಲವೂ ಚಿತ್ರದ ಆಯುಸ್ಸನ್ನು ಹೆಚ್ಚಿಸುವುದಕ್ಕಾಗಿಯೇ ಇವೆ. ಲೋಧಿಯ ಗೋಡೆಗಳಿಗೆ ಅಂಥ ಆರೈಕೆಯಿಲ್ಲ. ಮಳೆಗಾಲದ ತೇವಕ್ಕೆ ಗಾರೆ ಉಬ್ಬಿದರೆ ಅದರೊಡನೆ ಬಣ್ಣವೂ ಹಪ್ಪಳದಂತೆ ಎದ್ದು ಉದುರುತ್ತದೆ.